ಒಂದೇ ಮುಂಬೈ, ಎರಡು ಮಳೆ ಲೆಕ್ಕ: ಕೊಲಾಬಾ ಮತ್ತು ಸಾಂತಾಕ್ರೂಜ್ ಹವಾಮಾನ ಬೇರೆ ಬೇರೆ ಏಕೆ?

ಮಳೆಗಾಲದಲ್ಲಿ ಪ್ರತಿದಿನ ಬೆಳಗ್ಗೆ 8.30ರ ನಂತರ ಭಾರತೀಯ ಹವಾಮಾನ ಇಲಾಖೆ ಮುಂಬೈ ಮಳೆಯ ಬಗ್ಗೆ ಒಂದಲ್ಲ, ಎರಡು ಅಂಕಿಗಳನ್ನು ಪ್ರಕಟಿಸುತ್ತದೆ. ಒಂದು ಕೊಲಾಬಾದ್ದು, ಇನ್ನೊಂದು ಸಾಂತಾಕ್ರೂಜ್‌ನದು. ಮೊದಲನೆಯದು ದಕ್ಷಿಣದ ತುದಿಯ ಹಳೆಯ ನಗರದ ಲೆಕ್ಕ, ಎರಡನೆಯದು ವಿಮಾನ ನಿಲ್ದಾಣದ ಪಕ್ಕದ ಉಪನಗರದ ಲೆಕ್ಕ. ಎರಡರ ನಡುವಿನ ಅಂತರ 25 ಕಿ.ಮೀ. ಆಸುಪಾಸು. ಆದರೆ ಒಂದೇ ದಿನ ಒಂದು ಕಡೆ 20 ಮಿ.ಮೀ., ಇನ್ನೊಂದು ಕಡೆ 200 ಮಿ.ಮೀ. ಬಿದ್ದರೆ ಮುಂಬೈನವರಿಗೆ ಅಚ್ಚರಿಯೇನಿಲ್ಲ.

ಊರಿನಲ್ಲಿ ಟಿವಿ ನೋಡಿ ಗಾಬರಿಯಾದವರು ಫೋನ್ ಮಾಡಿದಾಗ ಫೋರ್ಟ್‌ನಲ್ಲಿ ಕೆಲಸ ಮಾಡುವ ಮಗ 'ಇಲ್ಲಿ ಹನಿ ಮಳೆ ಅಷ್ಟೇ' ಎನ್ನುವುದೂ, ಅದೇ ಹೊತ್ತಿಗೆ ಕುರ್ಲಾದಲ್ಲಿರುವ ಅಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತಿರುವುದೂ ಈ ಕಾರಣಕ್ಕೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಭಾರತದಂತಹ ದೊಡ್ಡ ದೇಶದಲ್ಲಿ ವಾಯುಗುಣ ವಲಯಗಳು ಹಲವು ಎಂಬುದು ಶಾಲೆಯ ಪಾಠ. ಆ ವೈವಿಧ್ಯದ ಒಂದು ತುಣುಕು ಒಂದೇ ಮಹಾನಗರದೊಳಗೆ ಕಾಣುವುದು ಮಾತ್ರ ಅಪರೂಪ.

ದೇಶದ ನಕ್ಷೆಯಲ್ಲಿ ಮುಂಬೈ ಎಲ್ಲಿ?

ಭಾರತದ ವಾಯುಗುಣ ಎಷ್ಟು ಬಗೆಯದು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಯಾರು ಯಾವ ಉದ್ದೇಶಕ್ಕೆ ಲೆಕ್ಕ ಹಾಕುತ್ತಾರೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಕೃಷಿಗಾಗಿ ಯೋಜನಾ ಆಯೋಗ ದೇಶವನ್ನು 15 ಕೃಷಿ-ಹವಾಮಾನ ವಲಯಗಳಾಗಿ ವಿಂಗಡಿಸಿತ್ತು. ಕಟ್ಟಡ ಕಟ್ಟುವವರಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಐದು ವಲಯ ಹೇಳುತ್ತದೆ: ಬಿಸಿ-ಒಣ, ಬೆಚ್ಚಗಿನ-ಆರ್ದ್ರ, ಮಿಶ್ರ, ಸಮಶೀತೋಷ್ಣ ಮತ್ತು ಶೀತ. ಇದರ ಪ್ರಕಾರ ಜೋಧಪುರ ಬಿಸಿ-ಒಣ, ದೆಹಲಿ ಮಿಶ್ರ, ಬೆಂಗಳೂರು ಸಮಶೀತೋಷ್ಣ, ಲೇಹ್ ಶೀತ. ಮುಂಬೈ, ಮಂಗಳೂರು, ಚೆನ್ನೈ ಮೂರೂ ಬೆಚ್ಚಗಿನ-ಆರ್ದ್ರ ವಲಯಕ್ಕೆ ಸೇರುತ್ತವೆ.

ವಲಯಗಳ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ತುದಿಗಳನ್ನು ನೋಡಿದರೆ ಸಾಕು. ರಾಜಸ್ಥಾನದ ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಮೇಘಾಲಯದ ಮೌಸಿನ್ರಾಮ್‌ನಲ್ಲಿ ವರ್ಷಕ್ಕೆ ಸರಾಸರಿ 11,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಲೇಹ್‌ನಲ್ಲಿ ಅದು 100 ಮಿ.ಮೀ. ಸುತ್ತಮುತ್ತ ಮಾತ್ರ.

ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ವ್ಲಾದಿಮಿರ್ ಕೊಪ್ಪೆನ್ ಎಂಬ ವಿಜ್ಞಾನಿ 1884ರಲ್ಲಿ ಆರಂಭಿಸಿ ನಂತರ ಹಲವು ಬಾರಿ ತಿದ್ದಿದ ವರ್ಗೀಕರಣ. ಅದರಂತೆ ಮುಂಬೈ ಉಷ್ಣವಲಯದ ಆರ್ದ್ರ-ಶುಷ್ಕ ವಾಯುಗುಣದ ಊರು, ಅಂದರೆ ಸವನ್ನಾ ಮಾದರಿ. ವರ್ಷಕ್ಕೆ 2,000 ಮಿ.ಮೀ. ದಾಟಿ ಮಳೆ ಬೀಳುವ ಊರನ್ನು ಹುಲ್ಲುಗಾವಲಿನ ಸಾಲಿಗೆ ಸೇರಿಸಿದ್ದು ಯಾಕೆ ಎಂದು ಅನ್ನಿಸಬಹುದು. ಕಾರಣ ಬೇಸಿಗೆ. ಮುಂಬೈಗೆ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವಿನ ನಾಲ್ಕೇ ತಿಂಗಳಲ್ಲಿ ಮುಗಿಯುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬಹುತೇಕ ಒಣ.

ಇಲ್ಲೊಂದು ಕುತೂಹಲದ ಲೆಕ್ಕವಿದೆ. ಕೊಪ್ಪೆನ್ ಪದ್ಧತಿಯಲ್ಲಿ ಮಾನ್ಸೂನ್ ಮಾದರಿ ಎನಿಸಿಕೊಳ್ಳಬೇಕಾದರೆ ವಾರ್ಷಿಕ ಮಳೆಯನ್ನು 25ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು 100ರಿಂದ ಕಳೆಯಬೇಕು; ಅತಿ ಒಣ ತಿಂಗಳ ಮಳೆ ಅದಕ್ಕಿಂತ ಕಡಿಮೆ ಇರಬಾರದು. ವರ್ಷಕ್ಕೆ 2,200 ಮಿ.ಮೀ. ಬೀಳುವ ಕಡೆ ಈ ಮಿತಿ 12 ಮಿ.ಮೀ. ಆಗುತ್ತದೆ. ಒಣ ತಿಂಗಳಲ್ಲಿ ಕೊಲಾಬಾಕ್ಕೆ ಅಷ್ಟೂ ಮಳೆ ಇಲ್ಲ, ಹಾಗಾಗಿ ಅದು ಸವನ್ನಾ. ಆದರೆ ವರ್ಷಕ್ಕೆ 2,500 ಮಿ.ಮೀ. ಬಿದ್ದರೆ ಮಿತಿಯೇ ಸೊನ್ನೆ. ಆಗ ಬೇಸಿಗೆಯಲ್ಲಿ ಹನಿ ಬೀಳದಿದ್ದರೂ ಊರು ಮಾನ್ಸೂನ್ ಮಾದರಿಗೆ ಸೇರುತ್ತದೆ. 3,500 ಮಿ.ಮೀ. ದಾಟುವ ಮಂಗಳೂರು ಹೀಗೆಯೇ ಸಲೀಸಾಗಿ ಅಲ್ಲಿಗೆ ಸೇರಿದ್ದು. ಸಾಂತಾಕ್ರೂಜ್ ಮತ್ತು ಅದರ ಉತ್ತರದ ಉಪನಗರಗಳು ಈ 2,500ರ ಗೆರೆಯ ಆಚೀಚೆ ನಿಂತಿವೆ. ಒಂದು ನಕ್ಷೆಯಲ್ಲಿ ಮುಂಬೈಗೆ ಒಂದು ಬಣ್ಣ, ಇನ್ನೊಂದರಲ್ಲಿ ಬೇರೆ ಬಣ್ಣ ಕಾಣುವುದರ ಹಿಂದಿನ ಗುಟ್ಟು ಇದು.

ಸಮುದ್ರದೊಳಗೆ ಚಾಚಿದ ಕೊಲಾಬಾ, ಗುಡ್ಡಕ್ಕೆ ಒರಗಿದ ಉಪನಗರ

ಕೊಲಾಬಾ ಒಂದು ಕಾಲದಲ್ಲಿ ಪ್ರತ್ಯೇಕ ದ್ವೀಪ. ಏಳು ದ್ವೀಪಗಳ ನಡುವಿನ ಸಮುದ್ರವನ್ನು ಹಂತಹಂತವಾಗಿ ತುಂಬಿ ಇಂದಿನ ದಕ್ಷಿಣ ಮುಂಬೈ ರೂಪುಗೊಂಡಿತು. ಈಗಲೂ ಅದಕ್ಕೆ ಮೂರು ಕಡೆ ನೀರು. ಸಮುದ್ರ ಬೇಗ ಕಾಯುವುದಿಲ್ಲ, ಬೇಗ ತಣಿಯುವುದೂ ಇಲ್ಲ. ಹಾಗಾಗಿ ಕೊಲಾಬಾದಲ್ಲಿ ಹಗಲು-ರಾತ್ರಿಯ ತಾಪಮಾನದ ವ್ಯತ್ಯಾಸ ಕಡಿಮೆ. ಜನವರಿಯಲ್ಲಿ ಅಲ್ಲಿ ರಾತ್ರಿಯ ಸರಾಸರಿ ಕನಿಷ್ಠ ತಾಪಮಾನ 19 ಡಿಗ್ರಿ ಆಸುಪಾಸಿನಲ್ಲಿದ್ದರೆ ಸಾಂತಾಕ್ರೂಜ್‌ನಲ್ಲಿ ಅದು ಎರಡು-ಮೂರು ಡಿಗ್ರಿ ಕಡಿಮೆ.

ಉಪನಗರದ ಕಥೆ ಬೇರೆ. ಸಾಷ್ಟಿ ದ್ವೀಪದ ಈ ಭಾಗದ ನಡುವೆ ಸುಮಾರು 104 ಚದರ ಕಿ.ಮೀ. ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಅದರ ಗುಡ್ಡಗಳು 450 ಮೀಟರ್ ಎತ್ತರ ದಾಟುತ್ತವೆ. ತುಳಸಿ, ವಿಹಾರ್ ಕೆರೆಗಳು ಈ ಗುಡ್ಡಗಳ ಮಡಿಲಲ್ಲಿವೆ, ಪೊವಾಯಿ ಅದರ ಅಂಚಿಗೆ. ಸಮುದ್ರದಿಂದ ಬರುವ ತೇವದ ಗಾಳಿ ನೆಲಕ್ಕೆ ಬಂದು ಇಂತಹ ಎತ್ತರಕ್ಕೆ ತಾಗಿ ಮೇಲೇರುವಾಗ ಮೋಡ ಇನ್ನಷ್ಟು ದಟ್ಟವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಲಾಬಾದಲ್ಲಿ ವಾಡಿಕೆಯ ಮಳೆ ಸುಮಾರು 2,100 ಮಿ.ಮೀ., ಸಾಂತಾಕ್ರೂಜ್‌ನಲ್ಲಿ ಸುಮಾರು 2,300 ಮಿ.ಮೀ.

ಇದೇ ಗಾಳಿ ಇನ್ನೂ ಪೂರ್ವಕ್ಕೆ ಸಾಗಿ ಪಶ್ಚಿಮ ಘಟ್ಟಕ್ಕೆ ಬಡಿದಾಗ ಮಳೆ ದುಪ್ಪಟ್ಟಾಗುತ್ತದೆ. ಮಾಥೇರಾನ್, ಲೋಣಾವಳ ಎರಡೂ ಕಡೆ ವರ್ಷಕ್ಕೆ 4,000 ಮಿ.ಮೀ. ದಾಟುತ್ತದೆ. ಘಟ್ಟ ಇಳಿದು ಪುಣೆಗೆ ಹೋದರೆ 700 ಮಿ.ಮೀ. ಆಸುಪಾಸಿಗೆ ಕುಸಿಯುತ್ತದೆ. ಕರಾವಳಿ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಮಂಗಳೂರು, ಆಗುಂಬೆ, ಚಿತ್ರದುರ್ಗದ ಸಾಲು ನೆನೆದರೆ ಅದೇ ಏರು, ಅದೇ ಇಳಿತ. ಮುಂಬೈನ ಮಳೆ ಮಂಗಳೂರಿನದಕ್ಕಿಂತ ಕಡಿಮೆ. ಆದರೆ ಮಂಗಳೂರಿನಲ್ಲಿ ನೀರು ಇಳಿದು ಹೋಗಲು ಇಳಿಜಾರಿದೆ, ಮುಂಬೈಯಲ್ಲಿ ಅದೇ ಇಲ್ಲದಿರುವುದು.

ಎರಡು ಶತಮಾನದ ಲೆಕ್ಕದ ಪುಸ್ತಕ

ಕೊಲಾಬಾ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಆರಂಭಿಸಿತು. ಮೂಲ ಉದ್ದೇಶ ಮಳೆ ಅಳೆಯುವುದಲ್ಲ, ಹಡಗುಗಳಿಗೆ ಸರಿಯಾದ ಸಮಯ ತಿಳಿಸುವುದು ಮತ್ತು ಖಗೋಳ ವೀಕ್ಷಣೆ. 1841ರಿಂದ ಭೂಕಾಂತ ಅಧ್ಯಯನ, ಜೊತೆಗೆ ಹವಾಮಾನ ದಾಖಲೆ ಶುರುವಾಯಿತು. ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ. ಅಂದರೆ ಇಲಾಖೆಗಿಂತ ಅದರ ಈ ಕೇಂದ್ರ ಹಿರಿಯದು.

1896ರಲ್ಲಿ ನಾನಾಭಾಯ್ ಅರ್ದೇಶಿರ್ ಫ್ರಾಮ್‌ಜಿ ಮೂಸ್ ಇದರ ಮೊದಲ ಭಾರತೀಯ ನಿರ್ದೇಶಕರಾದರು. ನಗರಕ್ಕೆ ವಿದ್ಯುತ್ ಟ್ರಾಮ್ ಬರುವುದು ಖಚಿತವಾದಾಗ, ವಿದ್ಯುತ್ ಪ್ರವಾಹದಿಂದ ಕಾಂತೀಯ ಅಳತೆ ಕೆಡುತ್ತದೆಂದು ಮೂಸ್ ಆ ವಿಭಾಗವನ್ನು ಕೊಲ್ಲಿಯ ಆಚೆಯ ಅಲಿಬಾಗ್‌ಗೆ ಸ್ಥಳಾಂತರಿಸಿದರು. 1904ರಿಂದ 1906ರವರೆಗೆ ಎರಡೂ ಕಡೆ ಏಕಕಾಲಕ್ಕೆ ಅಳತೆ ನಡೆಸಿ, ಹಳೆಯ ಸರಣಿ ಹೊಸದಕ್ಕೆ ಕೂಡುವಂತೆ ನೋಡಿಕೊಂಡರು. ಮಳೆಮಾಪಕ ಕೊಲಾಬಾದಲ್ಲೇ ಉಳಿಯಿತು. ಈ ಬಗೆಯ ತಾಳ್ಮೆಯಿಂದಾಗಿಯೇ ಇವತ್ತು ಒಂದು ಮಳೆಯನ್ನು 'ನೂರು ವರ್ಷದಲ್ಲೇ ಹೆಚ್ಚು' ಎಂದು ಆಧಾರ ಸಹಿತ ಹೇಳಲು ಸಾಧ್ಯವಾಗಿದೆ.

ಅಂದಹಾಗೆ, 1862ರಿಂದ ಉತ್ತರ ಕನ್ನಡ ಜಿಲ್ಲೆ ಬಾಂಬೆ ಪ್ರೆಸಿಡೆನ್ಸಿಯ ಭಾಗವಾಗಿತ್ತು. ಧಾರವಾಡ, ಬೆಳಗಾವಿ, ವಿಜಯಪುರ ಕೂಡ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಜಿಲ್ಲೆಗಳ ರಾಜಧಾನಿ ಮುಂಬೈಯೇ ಆಗಿತ್ತು.

2005ರ ಜುಲೈ 26

ಎರಡು ಕೇಂದ್ರಗಳ ಅಂತರ ಏನು ಮಾಡಬಲ್ಲದು ಎಂಬುದು ಆ ಮಂಗಳವಾರ ಗೊತ್ತಾಯಿತು. ಜುಲೈ 27ರ ಬೆಳಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ 944.2 ಮಿ.ಮೀ. ಮಳೆ ದಾಖಲಾಯಿತು. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದು ಹೆಚ್ಚುಕಡಿಮೆ ಅಷ್ಟೇ. ಅದೇ 24 ಗಂಟೆಗಳಲ್ಲಿ ಕೊಲಾಬಾದಲ್ಲಿ ಬಿದ್ದಿದ್ದು 73.4 ಮಿ.ಮೀ.

ಅದುವರೆಗೆ ಮುಂಬೈನ ದೊಡ್ಡ ಮಳೆಯೆಂದು ಹೇಳಲಾಗುತ್ತಿದ್ದುದು 1974ರ ಜುಲೈ 5ರಂದು ಕೊಲಾಬಾದಲ್ಲಿ ದಾಖಲಾದ 575.6 ಮಿ.ಮೀ.

ಬೆಳಗ್ಗೆ ಎಂದಿನಂತೆ ಜನ ಕೆಲಸಕ್ಕೆ ಹೊರಟಿದ್ದರು. ಮಧ್ಯಾಹ್ನ ಎರಡರ ನಂತರ ಉಪನಗರಗಳ ಮೇಲೆ ಮೋಡಗಳು ಪದೇಪದೆ ಅದೇ ಜಾಗದಲ್ಲಿ ಕಟ್ಟಿಕೊಂಡು ಸುರಿಯತೊಡಗಿದವು. ಅದೇ ಹೊತ್ತಿಗೆ ಸಮುದ್ರದಲ್ಲಿ ಸುಮಾರು 4.5 ಮೀಟರ್ ಎತ್ತರದ ಉಬ್ಬರ. ದಕ್ಷಿಣದ ಕಚೇರಿಗಳಲ್ಲಿ ಕುಳಿತವರಿಗೆ ಉತ್ತರದಲ್ಲಿ ಏನಾಗುತ್ತಿದೆ ಎಂಬ ಅಂದಾಜೇ ಇರಲಿಲ್ಲ. ಸಂಜೆ ಎಂದಿನಂತೆ ಲೋಕಲ್ ರೈಲು ಹಿಡಿಯಲು ಹೊರಟ ಲಕ್ಷಾಂತರ ಜನ ರೈಲಿಲ್ಲದೆ, ಬಸ್ಸಿಲ್ಲದೆ ರಾತ್ರಿಯಿಡೀ ನೀರಿನಲ್ಲಿ ನಡೆದರು. ಕಾರಿನ ಗಾಜು ತೆರೆಯಲಾಗದೆ ಒಳಗೇ ಉಸಿರುಗಟ್ಟಿ ಸತ್ತವರಿದ್ದರು. ಸಾಕಿನಾಕಾದಲ್ಲಿ ಗುಡ್ಡ ಕುಸಿದು ಹಲವು ಮನೆಗಳು ಮಣ್ಣಿನಡಿ ಸೇರಿದವು. ಆ ಮಳೆಗೆ ಮುಂಬೈಯಲ್ಲಿ 400ಕ್ಕೂ ಹೆಚ್ಚು ಮಂದಿ, ಮಹಾರಾಷ್ಟ್ರದಲ್ಲಿ ಒಟ್ಟು ಸಾವಿರದಷ್ಟು ಮಂದಿ ಜೀವ ಕಳೆದುಕೊಂಡರು. ನೀರು ಇಳಿದ ಮೇಲೆ ಇಲಿಜ್ವರ ಹರಡಿ ಮತ್ತಷ್ಟು ಸಾವುಗಳಾದವು.

ಮುಂಬೈ ಮಂದಿಗೆ ಮಿಠಿ ಎಂಬ ನದಿಯೊಂದಿದೆ ಎಂದು ಗೊತ್ತಾಗಿದ್ದೇ ಅಂದು ಎನ್ನುವ ಮಾತಿದೆ. ಅದು ಪೂರ್ತಿ ಉತ್ಪ್ರೇಕ್ಷೆಯಲ್ಲ. ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟಿ, ವಿಮಾನ ನಿಲ್ದಾಣದ ಪಕ್ಕದಲ್ಲಿ ಹಾದು, ಕುರ್ಲಾ ಮತ್ತು ಬಾಂದ್ರಾ-ಕುರ್ಲಾ ಸಂಕೀರ್ಣದ ಬದಿಯಿಂದ ಮಾಹಿಮ್ ಕೊಲ್ಲಿ ಸೇರುವ ಸುಮಾರು 18 ಕಿ.ಮೀ. ಉದ್ದದ ಈ ನದಿಯನ್ನು ಹೆಚ್ಚಿನವರು ಗಟಾರವೆಂದೇ ತಿಳಿದಿದ್ದರು. ಅದರ ದಡ ಮತ್ತು ಕಾಂಡ್ಲಾ ಕಾಡನ್ನು ಒತ್ತುವರಿ ಮಾಡಿ ಗುಡಿಸಲೂ ಬಂದಿದ್ದವು, ಗಾಜಿನ ಕಟ್ಟಡಗಳೂ ಬಂದಿದ್ದವು. ದೂರು ಮಾತ್ರ ಗುಡಿಸಲುಗಳ ಮೇಲೆ ಹೆಚ್ಚು. ಪ್ರವಾಹದ ಕಾರಣ ಪರಿಶೀಲಿಸಲು ರಾಜ್ಯ ಸರ್ಕಾರ ನೀರಾವರಿ ತಜ್ಞ ಮಾಧವರಾವ್ ಚಿತಳೆ ನೇತೃತ್ವದಲ್ಲಿ ಸಮಿತಿ ರಚಿಸಿತು.

ಮುಂಬೈನ ಹಳೆಯ ಮಳೆನೀರು ಚರಂಡಿಗಳನ್ನು ಗಂಟೆಗೆ 25 ಮಿ.ಮೀ. ಮಳೆಗೆ ವಿನ್ಯಾಸ ಮಾಡಲಾಗಿತ್ತು, ಅದೂ ಸಮುದ್ರ ಇಳಿತದಲ್ಲಿರುವಾಗ. ಇದನ್ನು 50 ಮಿ.ಮೀ.ಗೆ ಏರಿಸುವ ಬ್ರಿಮ್‌ಸ್ಟೊವಾಡ್ ವರದಿ 1993ರಲ್ಲೇ ಸಿದ್ಧವಿತ್ತು. ಕೆಲಸಕ್ಕೆ ನಿಜವಾದ ವೇಗ ಬಂದಿದ್ದು 2005ರ ನಂತರ. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್, ಕ್ಲೀವ್‌ಲ್ಯಾಂಡ್ ಬಂದರ್, ಬ್ರಿಟಾನಿಯಾ ಮತ್ತು ಗಝ್ದರ್‌ಬಂದ್‌ನಲ್ಲಿ ಪಂಪಿಂಗ್ ಸ್ಟೇಷನ್‌ಗಳು ತಲೆಯೆತ್ತಿದವು. ಹಿಂದಮಾತಾ, ಮಿಲನ್ ಸಬ್‌ವೇ ಮುಂತಾದ ತಗ್ಗುಗಳಲ್ಲಿ ಮಳೆನೀರನ್ನು ತಾತ್ಕಾಲಿಕವಾಗಿ ಹಿಡಿದಿಡಲು ನೆಲದಡಿಯ ಟ್ಯಾಂಕ್‌ಗಳೂ ಬಂದಿವೆ.

ಯಾವಾಗಲೂ ಉಪನಗರವೇ ಮುಂದೆ ಎಂದಲ್ಲ

2020ರ ಆಗಸ್ಟ್ 5ರಂದು ಪಾತ್ರ ಅದಲುಬದಲಾಯಿತು. ಅಂದು ಕೊಲಾಬಾದಲ್ಲಿ 24 ಗಂಟೆಗಳಲ್ಲಿ 331.8 ಮಿ.ಮೀ. ಮಳೆ, ಗಂಟೆಗೆ 107 ಕಿ.ಮೀ. ವೇಗದ ಗಾಳಿ. ಸಾಂತಾಕ್ರೂಜ್‌ನಲ್ಲಿ ಅದರ ಅರ್ಧದಷ್ಟು. ನೀರು ನಿಲ್ಲದ ಜಾಗವೆಂದೇ ಹೆಸರಾದ ಚರ್ಚ್‌ಗೇಟ್, ಮರೀನ್ ಡ್ರೈವ್ ಸುತ್ತಮುತ್ತ ನೀರು ನಿಂತಿತು. 2021ರ ಮೇ 17ರಂದು ತೌಕ್ತೆ ಚಂಡಮಾರುತ ಕರಾವಳಿಯುದ್ದಕ್ಕೂ ಸಾಗುವಾಗ ಎರಡೂ ಕೇಂದ್ರಗಳು ಒಟ್ಟಿಗೆ 200 ಮಿ.ಮೀ. ದಾಟಿದವು. ಮೇ ತಿಂಗಳಿಗೆ ಅದು ಊಹಿಸಲಾಗದ ಅಂಕಿ.

ಬಿಸಿಲು 38 ಡಿಗ್ರಿ, ಆದರೂ ಅಪಾಯ

ಮಳೆಯ ಅಬ್ಬರದಲ್ಲಿ ಮರೆತುಹೋಗುವ ಇನ್ನೊಂದು ವಿಷಯ ಸೆಕೆ. ಮುಂಬೈಯಲ್ಲಿ 45 ಡಿಗ್ರಿ ಬಿಸಿಲು ಬರುವುದಿಲ್ಲ. ಸಾಂತಾಕ್ರೂಜ್‌ನ ದಾಖಲೆ 1952ರ ಏಪ್ರಿಲ್ 14ರ 42.2 ಡಿಗ್ರಿ. ಕಲಬುರಗಿ, ರಾಯಚೂರಿನವರಿಗೆ ಇದು ಮಾಮೂಲಿ ಮೇ ತಿಂಗಳು. ಆದರೆ ಒಣ ಗಾಳಿಯಲ್ಲಿ ಬೆವರು ಆರಿ ದೇಹ ತಣಿಯುತ್ತದೆ. ಗಾಳಿಯಲ್ಲಿ ಈಗಾಗಲೇ ನೀರಿನಂಶ ತುಂಬಿದ್ದರೆ ಬೆವರು ಆರುವುದೇ ಇಲ್ಲ, ದೇಹದ ಶಾಖ ಒಳಗೇ ಉಳಿಯುತ್ತದೆ.

ಹವಾಮಾನ ಇಲಾಖೆ ಇದನ್ನು ಗಮನದಲ್ಲಿಟ್ಟೇ ಬಿಸಿಗಾಳಿಯ ಮಾನದಂಡವನ್ನು ವಲಯಕ್ಕೆ ತಕ್ಕಂತೆ ಬದಲಿಸಿದೆ. ಬಯಲು ಸೀಮೆಯಲ್ಲಿ ಕನಿಷ್ಠ 40 ಡಿಗ್ರಿ, ಗುಡ್ಡಗಾಡಿನಲ್ಲಿ 30. ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ಅದು ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಬಿಸಿಗಾಳಿ ಎಂದು ಘೋಷಿಸಬಹುದು. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರಘರ್‌ನಲ್ಲಿ ತೆರೆದ ಮೈದಾನದಲ್ಲಿ ನಡೆದ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭದ ದಿನ ತಾಪಮಾನ 38 ಡಿಗ್ರಿ ಆಸುಪಾಸಿನಲ್ಲಿತ್ತು. ಬಿಸಿಲಾಘಾತಕ್ಕೆ 14 ಮಂದಿ ಬಲಿಯಾದರು.

ಮಾರ್ಚ್-ಏಪ್ರಿಲ್‌ನಲ್ಲಿ ಮುಂಬೈನ ಬಿಸಿಲು ನಿರ್ಧಾರವಾಗುವುದು ಕಡಲ ಗಾಳಿ ಎಷ್ಟು ಹೊತ್ತಿಗೆ ಬೀಸಲು ಶುರುವಾಗುತ್ತದೆ ಎಂಬುದರಿಂದ. ಬೆಳಗ್ಗೆ ಬೇಗ ಬಂದರೆ 33 ಡಿಗ್ರಿಗೆ ನಿಲ್ಲುತ್ತದೆ. ಒಳನಾಡಿನಿಂದ ಪೂರ್ವದ ಗಾಳಿ ಗಟ್ಟಿಯಾಗಿದ್ದು ಕಡಲ ಗಾಳಿ ಮಧ್ಯಾಹ್ನದವರೆಗೆ ತಡವಾದರೆ 38 ದಾಟುತ್ತದೆ. ಮಳೆ ಹಿಂದೆ ಸರಿದ ಮೇಲೆ ಬರುವ ಅಕ್ಟೋಬರ್ ಸೆಕೆಯೂ ಕುಪ್ರಸಿದ್ಧ.

ಚಳಿಗಾಲ ಎಂಬುದು ಇಲ್ಲಿ ಕೆಲವು ವಾರಗಳ ಅತಿಥಿ. ಉತ್ತರದ ಗಾಳಿ ಇಳಿದಾಗ ಬೊರಿವಲಿ, ಪೊವಾಯಿ ಕಡೆ ಸ್ವೆಟರ್ ಕಾಣಿಸುತ್ತದೆ, ಕೊಲಾಬಾದಲ್ಲಿ ಫ್ಯಾನ್ ತಿರುಗುತ್ತಲೇ ಇರುತ್ತದೆ. 1962ರ ಜನವರಿ 22ರಂದು ಸಾಂತಾಕ್ರೂಜ್‌ನಲ್ಲಿ 7.4 ಡಿಗ್ರಿ ದಾಖಲಾಗಿತ್ತು. ಇಂದಿಗೂ ಅದೇ ದಾಖಲೆ.

ನಗರದಲ್ಲಿ ಪ್ರವಾಹ, ನಲ್ಲಿಯಲ್ಲಿ ನೀರಿಲ್ಲ

ಜೂನ್ ಕೊನೆಯಲ್ಲಿ ರಸ್ತೆಯೆಲ್ಲ ನೀರು ತುಂಬಿದ್ದರೂ ಪಾಲಿಕೆ ನೀರು ಕಡಿತ ಮುಂದುವರಿಸುವುದು ಹೊಸಬರಿಗೆ ಒಗಟು. ಮುಂಬೈಗೆ ನೀರು ಕೊಡುವ ಏಳು ಜಲಾಶಯಗಳಲ್ಲಿ ನಗರದ ಮಿತಿಯೊಳಗಿರುವುದು ವಿಹಾರ್ ಮತ್ತು ತುಳಸಿ ಮಾತ್ರ, ಮತ್ತು ಅವು ಬಹಳ ಚಿಕ್ಕವು. ಭಾತ್ಸಾ, ಮೇಲಿನ ವೈತರಣಾ, ಮಧ್ಯ ವೈತರಣಾ, ಮೋಡಕ್ ಸಾಗರ್, ತಾನ್ಸಾ ಈ ಐದೂ ಥಾಣೆ, ಪಾಲ್ಘರ್, ನಾಸಿಕ್ ಜಿಲ್ಲೆಗಳಲ್ಲಿ, ಘಟ್ಟದ ಬುಡದಲ್ಲಿ ಮತ್ತು ಮೇಲೆ ಇವೆ. ಒಟ್ಟು ಸಾಮರ್ಥ್ಯ 14.47 ಲಕ್ಷ ದಶಲಕ್ಷ ಲೀಟರ್, ಅದರಲ್ಲಿ ಅರ್ಧದಷ್ಟು ಭಾತ್ಸಾ ಒಂದರದ್ದೇ. ಹಾಗಾಗಿ ಅಂಧೇರಿ ಮುಳುಗಿದರೂ ಶಹಾಪುರದಲ್ಲಿ ಮಳೆ ಬೀಳದಿದ್ದರೆ ಅಂಧೇರಿಯ ನಲ್ಲಿಗೆ ಪ್ರಯೋಜನವಿಲ್ಲ.

ಬದಲಾದ ದಿನಾಂಕಗಳು

ಮುಂಬೈಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 10 ಎಂದಿತ್ತು. 2020ರಲ್ಲಿ ಹವಾಮಾನ ಇಲಾಖೆ ಇತ್ತೀಚಿನ ದಶಕಗಳ ದಾಖಲೆ ಪರಿಶೀಲಿಸಿ ಅದನ್ನು ಜೂನ್ 11 ಎಂದು ಬದಲಿಸಿತು. ದೊಡ್ಡ ಬದಲಾವಣೆ ಆಗಿದ್ದು ಮರಳುವ ದಿನಾಂಕದಲ್ಲಿ. ಸೆಪ್ಟೆಂಬರ್ ಕೊನೆಯ ಬದಲು ಅಕ್ಟೋಬರ್ 8. ಒಂದು ವಾರಕ್ಕೂ ಹೆಚ್ಚು ಮಳೆಗಾಲ ಹಿಗ್ಗಿದೆ ಎಂದೇ ಇದರರ್ಥ. ನವರಾತ್ರಿಯ ಮಂಟಪಗಳ ಮೇಲೆ ತಾಡಪತ್ರಿ ಹೊದಿಸುವುದು ಈಗ ವಾಡಿಕೆಯಾಗಿದೆ.

ಆದರೆ ಸರಾಸರಿ ದಿನಾಂಕವನ್ನು ಮಳೆ ಓದಿಕೊಂಡು ಬರುವುದಿಲ್ಲ. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬೈ ತಲುಪಿತು. ಇಲಾಖೆಯ ದಾಖಲೆಯಲ್ಲಿ ಇದಕ್ಕಿಂತ ಮುಂಚೆ ಬಂದದ್ದಿಲ್ಲ. ಆ ಮೇ ತಿಂಗಳ ಮಳೆ ಕೊಲಾಬಾದಲ್ಲಿ 1918ರ 279.4 ಮಿ.ಮೀ. ದಾಖಲೆಯನ್ನು ಮುರಿಯಿತು. ಚರಂಡಿ ಹೂಳೆತ್ತುವ ಕೆಲಸ ಇನ್ನೂ ಮುಗಿದಿರಲಿಲ್ಲ. ಅದೇ ತಿಂಗಳು ಉದ್ಘಾಟನೆಯಾಗಿದ್ದ ವರ್ಲಿಯ ಆಚಾರ್ಯ ಅತ್ರೆ ಚೌಕ್ ಭೂಗತ ಮೆಟ್ರೋ ನಿಲ್ದಾಣಕ್ಕೆ ನೀರು ನುಗ್ಗಿತು.

ಮುನ್ಸೂಚನೆ ಓದುವುದು ಹೇಗೆ?

ಮುಂಬೈಯಲ್ಲಿ ನೆಂಟರಿರುವವರು, ಊರಿನಿಂದ ಕೊಂಕಣ ರೈಲಿನಲ್ಲಿ ಹೊರಟವರು ಕೆಲವು ವಿಷಯ ತಿಳಿದಿದ್ದರೆ ಅನಗತ್ಯ ಗಾಬರಿ ತಪ್ಪುತ್ತದೆ. 'ಕಳೆದ 24 ಗಂಟೆ' ಎಂದರೆ ನಿನ್ನೆ ಬೆಳಗ್ಗೆ 8.30ರಿಂದ ಇಂದು ಬೆಳಗ್ಗೆ 8.30ರವರೆಗೆ. ಹಾಗಾಗಿ ಬೆಳಗ್ಗೆ ಓದುವ ದೊಡ್ಡ ಅಂಕಿ ಹೆಚ್ಚಾಗಿ ಕಳೆದುಹೋದ ಮಳೆಯದು. 64.5 ಮಿ.ಮೀ.ನಿಂದ 115.5ರವರೆಗೆ 'ಭಾರಿ', 204.4ರವರೆಗೆ 'ಅತಿ ಭಾರಿ', ಅದಕ್ಕಿಂತ ಮೇಲೆ 'ಅತ್ಯಂತ ಭಾರಿ' ಮಳೆ. ರೆಡ್ ಅಲರ್ಟ್ ಇಡೀ ಜಿಲ್ಲೆಗೆ ಕೊಡುವಂತಹದ್ದು. ಮುಲುಂದ್‌ನಲ್ಲಿ ಅದು ನಿಜವಾಗಿ, ವರ್ಲಿಯಲ್ಲಿ ಹುಸಿಯಾಗಬಹುದು.

ಪಾಲಿಕೆ ತನ್ನದೇ ಸ್ವಯಂಚಾಲಿತ ಮಳೆಮಾಪಕಗಳ ಆಧಾರದಲ್ಲಿ ನಗರ, ಪೂರ್ವ ಉಪನಗರ, ಪಶ್ಚಿಮ ಉಪನಗರ ಎಂದು ಮೂರು ಲೆಕ್ಕ ಕೊಡುತ್ತದೆ. ವಾಸದ ಜಾಗಕ್ಕೆ ಇದೇ ಹೆಚ್ಚು ಹತ್ತಿರದ ಅಂಕಿ. ಕೊಲಾಬಾದ ಡಾಪ್ಲರ್ ರಡಾರ್ ಜೊತೆಗೆ 2022ರ ಜನವರಿಯಲ್ಲಿ ಅಂಧೇರಿಯ ವೆರಾವಲಿಯಲ್ಲೂ ಒಂದು ರಡಾರ್ ಕಾರ್ಯಾರಂಭ ಮಾಡಿದ್ದು, ಮುಂದಿನ ಎರಡು-ಮೂರು ಗಂಟೆಗಳ ಎಚ್ಚರಿಕೆಗೆ ಇವು ಆಧಾರ.

ಮಳೆಯ ಅಂಕಿಯಷ್ಟೇ ಮುಖ್ಯವಾದುದು ಉಬ್ಬರದ ವೇಳಾಪಟ್ಟಿ. 4.5 ಮೀಟರ್ ಮೀರಿದ ಉಬ್ಬರದ ದಿನಗಳ ಪಟ್ಟಿಯನ್ನು ಪಾಲಿಕೆ ಮಳೆಗಾಲಕ್ಕೆ ಮುನ್ನವೇ ಪ್ರಕಟಿಸುತ್ತದೆ. ಆ ಹೊತ್ತಿನಲ್ಲಿ ಸಮುದ್ರದ ನೀರು ಚರಂಡಿಯೊಳಗೆ ಹಿಂದೆ ನುಗ್ಗದಂತೆ ಬಾಗಿಲು ಮುಚ್ಚಬೇಕಾಗುತ್ತದೆ, ಊರಿನ ನೀರನ್ನು ಪಂಪ್ ಮಾಡಿಯೇ ಹೊರಹಾಕಬೇಕು. ಇಳಿತದ ಸಮಯದಲ್ಲಿ ಬಿದ್ದ 100 ಮಿ.ಮೀ. ಮಳೆ ಒಂದೆರಡು ಗಂಟೆಯಲ್ಲಿ ಹರಿದು ಹೋಗಬಹುದು. ಅಷ್ಟೇ ಮಳೆ ಉಬ್ಬರದ ಜೊತೆ ಬಿದ್ದರೆ ಹಿಂದಮಾತಾ, ಸಯನ್, ಕಿಂಗ್ಸ್ ಸರ್ಕಲ್, ಅಂಧೇರಿ ಸಬ್‌ವೇಗಳಲ್ಲಿ ನೀರು ಇಳಿಯಲು ಸಮುದ್ರ ಇಳಿಯುವವರೆಗೆ ಕಾಯಬೇಕು.